ಲೈಂಗಿಕ ಸೋಂಕಿನ ತಪಾಸಣೆಯಲ್ಲಿ ಅವರು ಅಷ್ಟೆಲ್ಲ ಏಕೆ ಕೇಳುತ್ತಾರೆ?

ಲೈಂಗಿಕ ಸೋಂಕಿನ ತಪಾಸಣೆಗೆಂದು ಮೊದಲ ಸಲ ಕ್ಲಿನಿಕ್‌ಗೆ ಹೋದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಸುಳ್ಳು ಹೇಳಿದ್ದು. ಈಚೆಗೆ ಎಷ್ಟು ಜನರೊಂದಿಗೆ ಸಂಪರ್ಕವಾಗಿದೆ, ಕೊನೆಯ ಸಲ ಯಾವಾಗ, ಕಾಂಡೋಮ್ ಬಳಸಿದ್ದಿರಾ, ಮುಖಮೈಥುನ ಅಥವಾ ಗುದಮೈಥುನ ನಡೆದಿತ್ತೇ ಎಂದು ಆಪ್ತಸಮಾಲೋಚಕರು ತರಗತಿಯಲ್ಲಿ ಹಾಜರಿ ಕೂಗುವಷ್ಟೇ ನಿರ್ವಿಕಾರವಾಗಿ ಕೇಳುತ್ತಾ ಹೋದರು. ನನ್ನ ಕಿವಿ ಬಿಸಿಯಾಗಿತ್ತು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ‘ಇಲ್ಲ’ ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟು, “ನೀವು ಹೇಳಿದ ಜಾಗದ ಮಾದರಿಯನ್ನಷ್ಟೇ ನಾವು ತೆಗೆಯುವುದು” ಎಂದರು. ಆ ಮಾತು ಅರ್ಥವಾಗಲು ನನಗೆ ತುಸು ಹೊತ್ತು ಹಿಡಿಯಿತು. ಗಂಟಲಿನಲ್ಲಿರುವ ಗೊನೋರಿಯಾ ಸೋಂಕು ಮೂತ್ರದ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಗುದನಾಳದ ಕ್ಲಮೀಡಿಯಾ ಸೋಂಕೂ ಅಷ್ಟೇ. ಆಯಾ ಜಾಗದಿಂದಲೇ ಸ್ವಾಬ್ ತೆಗೆಯಬೇಕು. ಎಷ್ಟೋ ಜನರಿಗೆ ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ, ನಾಚಿಕೊಂಡು ಮುಚ್ಚಿಟ್ಟವರು ಸೋಂಕಿಲ್ಲವೆಂಬ ವರದಿಯನ್ನು ಕಿಸೆಯಲ್ಲಿಟ್ಟುಕೊಂಡು ಸೋಂಕಿನೊಂದಿಗೇ ಮನೆಗೆ ಮರಳಬಹುದು.

ದಿನಾಂಕ ಕೇಳುವುದಕ್ಕೂ ಕಾರಣವಿದೆ. ಸೋಂಕು ತಗುಲಿದ ಮರುದಿನವೇ ಅದು ಪರೀಕ್ಷೆಗೆ ಸಿಕ್ಕುವುದಿಲ್ಲ. ಕ್ಲಮೀಡಿಯಾ, ಗೊನೋರಿಯಾಗಳಿಗೆ ಸುಮಾರು 2 ವಾರ, ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ಎಚ್‌ಐವಿಯ ಪ್ರತಿಜನಕ-ಪ್ರತಿಕಾಯ ಪರೀಕ್ಷೆಗೆ (ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ವಸ್ತುವನ್ನೂ ಒಟ್ಟಿಗೆ ಹುಡುಕುವ ಪರೀಕ್ಷೆ) 18ರಿಂದ 45 ದಿನ, ಸಿಫಿಲಿಸ್‌ಗೆ ಕೆಲವೊಮ್ಮೆ 3 ತಿಂಗಳು ಬೇಕಾಗುವುದರಿಂದ, ಮತ್ತೊಮ್ಮೆ ಬನ್ನಿ ಎಂದರೆಂದು ಗಾಬರಿಯಾಗಬೇಕಿಲ್ಲ. ಆದರೆ ಎಚ್‌ಐವಿ ತಗುಲಿರಬಹುದೆಂಬ ಅನುಮಾನವಿದ್ದು ಇನ್ನೂ 72 ಗಂಟೆ ದಾಟಿರದಿದ್ದರೆ ಕಾಯುತ್ತ ಕೂರಬಾರದು: ಸೋಂಕು ತಡೆಯುವ ಪಿಇಪಿ ಮಾತ್ರೆಗಳನ್ನು ಅಷ್ಟರೊಳಗೆ, ಸಾಧ್ಯವಾದಷ್ಟು ಬೇಗ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು.

ನಾನು ಉತ್ತರಗಳನ್ನು ತಿದ್ದಿಸಿದೆ. ತೋಳಿನಿಂದ ರಕ್ತ ತೆಗೆದರು. ಗಂಟಲಿಗೆ ಹತ್ತಿಕಡ್ಡಿ ತಾಗಿದಾಗ ಓಕರಿಕೆ ಬಂತು, ಕಣ್ಣಲ್ಲಿ ನೀರೂ ಬಂತು. ತಡವಾದದ್ದು ಮೂತ್ರದ ಮಾದರಿಗೆ ಮಾತ್ರ. ಕನಿಷ್ಠ 1 ಗಂಟೆ ತಡೆದುಕೊಂಡ ಮೇಲೆ ಬರುವ ಮೊದಲ ಧಾರೆಯೇ ಅವರಿಗೆ ಬೇಕು. ನಾನೋ, ಹೆದರಿಕೆಗೆ ಬಂದ ಕೂಡಲೇ ಶೌಚಾಲಯಕ್ಕೆ ಹೋಗಿಬಂದಿದ್ದೆ. ಖಾಲಿ ಡಬ್ಬಿ ಹಿಡಿದು ಕುಳಿತೆ. (ಮಹಿಳೆಯರಿಗೆ ಸಾಮಾನ್ಯವಾಗಿ ಯೋನಿಯ ಸ್ವಾಬ್ ತೆಗೆಯುತ್ತಾರೆ, ಅದನ್ನು ಅವರೇ ತೆಗೆದುಕೊಟ್ಟರೂ ನಡೆಯುತ್ತದೆ.) ಹೊರಡುವ ಮೊದಲು ಯಾವ ಯಾವ ಪರೀಕ್ಷೆ ಮಾಡುತ್ತಿದ್ದೀರಿ ಎಂದು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಹುಣ್ಣುಗಳಿಲ್ಲದವರಿಗೆ ಹರ್ಪಿಸ್ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡುವುದಿಲ್ಲವಂತೆ.

ನಾಲ್ಕು ದಿನಗಳ ನಂತರ ವರದಿ ಬಂತು. ರಕ್ತ, ಮೂತ್ರ ಎರಡರಲ್ಲೂ ಏನೂ ಇರಲಿಲ್ಲ. ಗಂಟಲಿನ ಮಾದರಿಯಲ್ಲಿ ಗೊನೋರಿಯಾ ಇತ್ತು. ಒಂದು ಚುಚ್ಚುಮದ್ದು ಕೊಟ್ಟು, ಗುಣವಾಗಿದೆಯೇ ಎಂದು ನೋಡಲು ಎರಡು ವಾರ ಬಿಟ್ಟು ಬರಲು ಹೇಳಿದರು. ಸಂಗಾತಿಗೆ ಅಂದು ಸಂಜೆಯೇ ಫೋನ್ ಮಾಡಿ ವಿಷಯ ತಿಳಿಸಿದೆ. ಆ ಕಡೆ ಬಹಳ ಹೊತ್ತು ಮೌನ. ಆಮೇಲೆ, “ಅಲ್ಲಿ ಏನೇನು ಕೇಳುತ್ತಾರೆ?”