ಒಂದೇ ದ್ರಾಕ್ಷಿಯ ವೈನೇ ಯಾಕೆ ಬೇಕು?

ಕೆಂಪು ವೈನ್ ಬಾಟಲಿ ಕೈಗೆ ಬಂದರೆ ನಮ್ಮಲ್ಲಿ ತುಂಬಾ ಜನ ಮೊದಲು ಹುಡುಕುವುದು ಯಾವ ದ್ರಾಕ್ಷಿ ಅಂತ. ಒಂದೇ ತಳಿಯದಾದರೆ ಒಳ್ಳೆಯದು, ನಾಲ್ಕಾರು ಬೆರೆಸಿದ್ದಾದರೆ ಸ್ವಲ್ಪ ಕಡಿಮೆ ಅನ್ನುವ ಭಾವನೆ. ಇದನ್ನು ನಾನು ಒಪ್ಪುವುದೇ ಇಲ್ಲ. ನನಗೆ ತುಂಬಾ ಇಷ್ಟವಾದ ಶಾಟೋನಫ್ ದು ಪಾಪ್ ಬೆರಕೆಯಿಂದಲೇ ದೊಡ್ಡದಾದ ವೈನ್.

ದಕ್ಷಿಣ ಫ್ರಾನ್ಸಿನ ರೋನ್ ಕಣಿವೆಯಲ್ಲಿ, ಅವಿನ್ಯೋನ್ ನಗರದ ಹತ್ತಿರ ಇದೇ ಹೆಸರಿನ ಹಳ್ಳಿಯಿದೆ, ಈ ವೈನ್ ಅಲ್ಲಿನದು. 14ನೇ ಶತಮಾನದಲ್ಲಿ ಪೋಪ್‌ಗಳು ಅವಿನ್ಯೋನ್‌ನಲ್ಲಿ ನೆಲೆಸಿದ್ದಾಗ ಇಲ್ಲೊಂದು ಕೋಟೆ ಕಟ್ಟಿಸಿದರು, ಹೆಸರಿನಲ್ಲಿರುವ ‘ದು ಪಾಪ್’, ಅಂದರೆ ಪೋಪ್‌ನ, ಅನ್ನುವ ಭಾಗ ಅವರಿಂದಲೇ ಬಂತು. ಎಷ್ಟೋ ತೋಟಗಳಲ್ಲಿ ಮಣ್ಣೇ ಕಾಣದಷ್ಟು ಗುಂಡುಕಲ್ಲು. ಹಗಲು ಕಾದ ಕಲ್ಲು ರಾತ್ರಿಯೂ ಬಳ್ಳಿಯನ್ನು ಬೆಚ್ಚಗಿಡುತ್ತದೆ. ಮಿಸ್ಟ್ರಾಲ್ ಅನ್ನುವ ಉತ್ತರದ ಗಾಳಿ ಗೊಂಚಲುಗಳ ತೇವ ಆರಿಸಿ ಕೊಳೆರೋಗ ತಡೆಯುತ್ತದೆ. ಹಣ್ಣನ್ನು ಕೈಯಲ್ಲೇ ಕೊಯ್ಯಬೇಕು, ನಿಯಮವೇ ಹಾಗಿದೆ.

ಅಲ್ಲಿ 13 ತಳಿಗಳಿಗೆ ಅವಕಾಶವಿದೆ. ಬಣ್ಣದ ಭೇದಗಳನ್ನೂ ಎಣಿಸಿದರೆ 18. ಸಾಮಾನ್ಯವಾಗಿ ಹೆಚ್ಚಿನ ಪಾಲು ಗ್ರೆನಾಶ್ ಅನ್ನುವ ತಳಿಯದು. ಸಿಪ್ಪೆ ತೆಳು, ಸಕ್ಕರೆ ಜಾಸ್ತಿ. ಹಾಗಾಗಿ ಆಲ್ಕೋಹಾಲ್ ಶೇ. 14, 15ರವರೆಗೂ ಹೋಗುತ್ತದೆ, ಬಣ್ಣ ಮಾತ್ರ ಅಷ್ಟು ಗಾಢವಲ್ಲ. ಆ ಬಣ್ಣವನ್ನೂ ಕರಿಮೆಣಸಿನ ಘಮವನ್ನೂ ಕೊಡುವುದು ಸಿರಾ. ತಡವಾಗಿ ಮಾಗುವ ಮೂರ್ವೆದ್ರ್ ಒಗರು ಸೇರಿಸಿ ಗಟ್ಟಿತನ ತರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಅಲ್ವಾ?

ಗ್ಲಾಸಿಗೆ ಸುರಿದ ತಕ್ಷಣ ಕುಡಿಯಬೇಡಿ. ಮೊದಲ ಗುಟುಕಿನಲ್ಲಿ ನನಗೆ ಸಿಗುವುದು ಮಾಗಿದ ಹಣ್ಣಿನ ರುಚಿ, ಗಂಟಲಲ್ಲಿ ಬಿಸಿ, ಅಷ್ಟೆ. ಮುಕ್ಕಾಲು ಗಂಟೆ ಬಿಟ್ಟು ಮೂಸಿ ನೋಡಿ. ಒಣಗಿದ ಗಿಡಮೂಲಿಕೆ, ಮೆಣಸು, ಹಳೆಯ ಚರ್ಮದ ವಾಸನೆ ಒಂದೊಂದಾಗಿ ಬರುತ್ತವೆ. ಬಾಯಲ್ಲಿ ದಪ್ಪಗೆ, ಮೆತ್ತಗೆ ಕೂರುತ್ತದೆ. ನುಂಗಿದ ಮೇಲೂ ರುಚಿ ಹೋಗುವುದಿಲ್ಲ. ಒಗರು ಆಮೇಲೆ ವಸಡಿನ ಮೇಲೆ ನಿಧಾನಕ್ಕೆ ಗೊತ್ತಾಗುತ್ತದೆ. ಈ ಪದರಗಳು ಬರೀ ಗ್ರೆನಾಶ್ ಕುಡಿದಾಗ ನನಗೆ ಇಷ್ಟು ಸಿಕ್ಕಿಲ್ಲ.

ಬೆಂಗಳೂರಿನಲ್ಲಿ ಕುಡಿಯುವವರಿಗೆ ಒಂದು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಅನ್ನುವುದು ತಣ್ಣನೆಯ ಯುರೋಪಿನ ಮನೆಗಳಿಗೆ ಸರಿ. ನಮ್ಮ ಏಪ್ರಿಲ್‌ನಲ್ಲಿ ಹಾಗೆ ಮಾಡಿದರೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ. ಮೊದಲೇ ಫ್ರಿಜ್‌ನಲ್ಲಿಡಿ, 16ರಿಂದ 18 ಡಿಗ್ರಿಗೆ ಬರಲಿ. ಜೊತೆಗೆ ಕುರಿಮಾಂಸ ಚೆನ್ನಾಗಿ ಹೊಂದುತ್ತದೆ. ಹಸಿಮೆಣಸಿನಕಾಯಿ ಮಾತ್ರ ಕಡಿಮೆ ಹಾಕಿ. ಆಲ್ಕೋಹಾಲ್ ಜಾಸ್ತಿ ಇರುವ ವೈನ್ ಖಾರವನ್ನು ಇನ್ನೂ ಉರಿಸುತ್ತದೆ.