ನೀರು ಹಾಕುವುದಷ್ಟೇ ಜವಾಬ್ದಾರಿಯಲ್ಲ

ಮಕ್ಕಳು ಗಿಡ ಬೆಳೆಸುವುದರ ಬಗ್ಗೆ ಬಂದ ಲೇಖನವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಗಿಡ ಬೆಳೆಸುವ ಮಕ್ಕಳಿಗೆ ತಾಳ್ಮೆ ಬರುತ್ತದೆ ಎಂಬ ಅದರ ಲೇಖಕರ ಮಾತು ನಿಜ. ಆದರೆ 'ದಿನಾ ತಪ್ಪದೆ ನೀರು ಹಾಕುವುದೇ ಜವಾಬ್ದಾರಿಯ ಮೊದಲ ಪಾಠ' ಎಂದಿದ್ದಾರಲ್ಲ, ಅದನ್ನು ಒಪ್ಪಲಾರೆ. ಕುಂಡದ ಗಿಡ ನೀರಿಲ್ಲದೆ ಸಾಯುವಂತೆ ನೀರು ಹೆಚ್ಚಾಗಿಯೂ ಸಾಯುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ.

ನನ್ನ ಮಗಳ ಮೊದಲ ಟೊಮೆಟೊ ಸಸಿ ಹೋಗಿದ್ದು ಹೀಗೆಯೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹಾಕುತ್ತಿದ್ದಳು. ಕಿತ್ತು ನೋಡಿದರೆ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಬರುತ್ತಿತ್ತು. "ನಾನು ಒಂದು ದಿನಾನೂ ಮರೆತಿಲ್ಲ ಅಮ್ಮಾ" ಎಂದು ಅತ್ತಳು. ಮರೆತಿರಲಿಲ್ಲ, ನಿಜ. ಆದರೆ ಗಿಡಕ್ಕೆ ಏನು ಬೇಕೆಂದು ನೋಡಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದೇ.

ಎರಡನೇ ಸಸಿಗೆ ಅವಳು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದಳು. ಎಲೆಯ ಅಡಿಭಾಗ ತಿರುಗಿಸಿ ಹುಳು ಹುಡುಕುವುದನ್ನೂ ತಾನೇ ರೂಢಿಸಿಕೊಂಡಳು. ಹೇಳಿದ ಕೆಲಸ ಮಾಡಿ ಮುಗಿಸುವುದಕ್ಕೂ ಒಂದು ಜೀವದ ಸ್ಥಿತಿ ಗಮನಿಸಿ ನಡೆಯುವುದಕ್ಕೂ ಇರುವ ಅಂತರ ನನಗೆ ಕಂಡದ್ದು ಅಲ್ಲಿ. ಇನ್ನೊಂದು ಮಾತು, ಗಿಡ ಸತ್ತರೆ ಮಗುವಿಗೆ ಗೊತ್ತಾಗದಂತೆ ಹೊಸದನ್ನು ತಂದಿಡುವ ಹಿರಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಬೇರನ್ನು ಮಗುವೇ ಕಿತ್ತು ನೋಡಲಿ.