ಸಿ ಪಿನ್ ಐತೇನ್ರಿ ಸರ?

ಊರೂರು ತಿರುಗಿ ಕೆಲಸ ಮಾಡುವವರು ಬ್ಯಾಗ್ ಹೇಗೆ ತುಂಬಬೇಕು ಅಂತ ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಬಿಳಿ ಮೇಜು. ಅದರ ಮೇಲೆ ಚಾರ್ಜರ್, ಕೇಬಲ್, ಹೆಡ್‌ಫೋನ್ ಸಾಲಾಗಿ ಮಲಗಿರುತ್ತವೆ. ಒಬ್ಬ ಒಂದೊಂದನ್ನೇ ಎತ್ತಿ ಪುಟ್ಟ ಪುಟ್ಟ ಚೀಲಕ್ಕೆ ಇಳಿಸುತ್ತಾನೆ, ಜಿಪ್ ಎಳೆಯುತ್ತಾನೆ, ನಗುತ್ತಾನೆ. ವಿಡಿಯೋ ಮುಗಿಯಿತು. ಆ ಮನುಷ್ಯ ಅದೇ ಬ್ಯಾಗ್ ಹೊತ್ತು ಬಳ್ಳಾರಿಯಲ್ಲಿ ಸಿಂಧನೂರು ಬಸ್ ಹತ್ತಿದ್ದನ್ನು ಮಾತ್ರ ಯಾರೂ ತೋರಿಸಿಲ್ಲ.

ನಾನು ಹತ್ತುತ್ತೇನೆ. ಹೊಟ್ಟೆಪಾಡು. ರೈಸ್ ಮಿಲ್ಲುಗಳಲ್ಲಿ ಕಲರ್ ಸಾರ್ಟರ್ ಅಂತ ಒಂದು ಮಷಿನ್ ಇರುತ್ತದೆ. ಅಕ್ಕಿ ಮೇಲಿನಿಂದ ಜಾರಿ ಬೀಳುವಾಗ ಅದರ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ. ಕಪ್ಪು ಕಾಳೋ ಹಳದಿ ಕಾಳೋ ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಅದು ಮುನಿಸಿಕೊಂಡಾಗ ಮಿಲ್ಲಿನವರು ನನ್ನನ್ನು ಕರೆಯುತ್ತಾರೆ. ಸಿರುಗುಪ್ಪ, ಸಿಂಧನೂರು, ಕಾರಟಗಿ, ಗಂಗಾವತಿ, ರಾಯಚೂರು, ಸೋನಾ ಮಸೂರಿ ಇರುವ ಕಡೆಯೆಲ್ಲ ನಾನೂ ಇರುತ್ತೇನೆ. ನನ್ನ ಕೈಲಾಗದಿದ್ದರೆ ಬೆಂಗಳೂರಿನಲ್ಲಿ ಕೂತ ದೊಡ್ಡ ಎಂಜಿನಿಯರ್ ನನ್ನ ಲ್ಯಾಪ್‌ಟಾಪ್ ಮೂಲಕ ಮಷಿನ್ನಿನ ಹೊಟ್ಟೆಯೊಳಗೆ ಇಣುಕಬೇಕು. ಅದಕ್ಕೆ ನೆಟ್ ಬೇಕು. ನೆಟ್ಟಿಗೆ ಚಾರ್ಜ್ ಬೇಕು. ಹಾಗಾಗಿ ಬ್ಯಾಗ್.

ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಅದರ 65 ವ್ಯಾಟ್ ಚಾರ್ಜರ್, 20,000 ಎಂಎಎಚ್ ಪವರ್ ಬ್ಯಾಂಕ್, ನೆಟ್ಟಿನ ಡಾಂಗಲ್, ಗದ್ದಲ ತಡೆಯುವ ಹೆಡ್‌ಫೋನ್, ಎಕ್ಸ್‌ಟೆನ್ಷನ್ ಬಾಕ್ಸ್, ಮತ್ತೆ ಒಂದಷ್ಟು ಕೇಬಲ್. ಉಳಿದ ಸಂದಿಯಲ್ಲಿ ಒಂದು ಅಂಗಿ. ‘ಅಂಗಿ ಒಂದು, ವೈರ್ ಏಳು. ನೀವು ಲೈನ್‌ಮನ್ ಏನ್ರಿ?’ ಅಂತ ಮನೆಯಾಕೆ ಕೇಳಿದ್ದಾಳೆ. ಉತ್ತರ ಇನ್ನೂ ಯೋಚಿಸುತ್ತಿದ್ದೇನೆ.

ಬಸ್ಸು ಬಳ್ಳಾರಿ ಬಿಟ್ಟು ತೆಕ್ಕಲಕೋಟೆ ಮುಟ್ಟುವಷ್ಟರಲ್ಲಿ ಯಾರ ಹತ್ತಿರ ಪವರ್ ಬ್ಯಾಂಕ್ ಇದೆ ಅನ್ನುವುದು ಎಲ್ಲರಿಗೂ ಗೊತ್ತಾಗಿರುತ್ತದೆ. ಹೇಗೆ ಅಂತ ಕೇಳಬೇಡಿ. ನಾನು ಅದನ್ನು ಬ್ಯಾಗಿನಿಂದ ಪೂರ್ತಿ ಹೊರಗೂ ತೆಗೆಯುವುದಿಲ್ಲ. ನೀಲಿ ದೀಪ ಒಂದು ಸಲ ಮಿಣುಕಿದರೆ ಸಾಕು.

‘ಸರ, ಸಿ ಪಿನ್ ಐತೇನ್ರಿ?’

ಇಲ್ಲ ಅನ್ನಲು ಆಗುವುದಿಲ್ಲ, ಕೇಬಲ್ ಆಗಲೇ ಕಾಣುತ್ತಿರುತ್ತದೆ. ಆವತ್ತು ಕೇಳಿದವನು ಪರೀಕ್ಷೆಗೆ ಹೊರಟ ಹುಡುಗ. ಹಾಲ್ ಟಿಕೆಟ್ ಫೋನಿನಲ್ಲಿದೆಯಂತೆ, ಫೋನಿನಲ್ಲಿ ಮೂರು ಪರ್ಸೆಂಟ್ ಇದೆಯಂತೆ. ಕೊಟ್ಟೆ. ಅವನನ್ನು ನೋಡಿ ಹಿಂದಿನ ಸೀಟಿನ ಬೀಜದ ಅಂಗಡಿಯವರು ಫೋನ್ ಚಾಚಿದರು. ಅವರನ್ನು ನೋಡಿ ಕಿಟಕಿ ಪಕ್ಕದ ಅಜ್ಜಿ. ‘ತಮ್ಮಾ, ನಂದಕ್ಕ ಸಣ್ಣ ಪಿನ್ ಬೇಕಪ್ಪಾ. ಮಗ ಬಸ್ ಸ್ಟ್ಯಾಂಡಿಗೆ ಬರ್ತೀನಂದಾನ, ಫೋನ್ ನೋಡಿದ್ರ ಸತ್ತೈತಿ.’ ಸಣ್ಣ ಪಿನ್ನಿನದೂ ನನ್ನಲ್ಲಿತ್ತು. ಹಳೇ ಕೇಬಲ್ ಒಂದು ಜೊತೆಗಿರಲಿ, ಯಾವತ್ತಾದರೂ ಬೇಕಾಗುತ್ತದೆ ಅಂತ ವಿಡಿಯೋದವನು ಹೇಳಿದ್ದ. ಯಾರಿಗೆ ಬೇಕಾಗುತ್ತದೆ ಅಂತ ಹೇಳಿರಲಿಲ್ಲ.

ಕೊನೆಗೆ ಕಂಡಕ್ಟರ್ ಬಂದರು. ನಾನು ಟಿಕೆಟ್ ತೆಗೆಯಲು ಜೇಬಿಗೆ ಕೈ ಹಾಕಿದೆ.

‘ಟಿಕೆಟ್ ಇರ್ಲಿ ಬಿಡ್ರಿ ಸರ. ಈ ಟಿಕೆಟ್ ಮಷಿನ್ ಕೂಗಾಕತ್ತೈತಿ. ಹತ್ತು ನಿಮಿಷ ಹಾಕ್ತೀರೇನು?’

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ 20,000 ಅನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಫೋನಿಗೆ ಅದು 5 ವೋಲ್ಟಾಗಿ ಹೋಗಬೇಕು. ಆ ಬದಲಾವಣೆಯಲ್ಲಿ ಒಂದಷ್ಟು, ಬಿಸಿಯಾಗಿ ಇನ್ನೊಂದಷ್ಟು ಹೋಗಿ, ಕೈಗೆ ಸಿಗುವುದು 12,000 ಚಿಲ್ಲರೆ. ಡಬ್ಬಿಯ ಹಿಂದೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ, ಮೋಸ ಏನಿಲ್ಲ. ಭತ್ತದ ಊರಿನವರಿಗೆ ಇದು ಹೊಸದೂ ಅಲ್ಲ. ಸರ್ಕಾರದ ಲೆಕ್ಕದಲ್ಲೇ ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ. ನನ್ನ ಪವರ್ ಬ್ಯಾಂಕ್ ಅದಕ್ಕಿಂತ ಸ್ವಲ್ಪ ಕಡಿಮೆ ಇಳುವರಿಯದು, ಅಷ್ಟೇ. ಧಡೇಸೂಗೂರಿನ ಹತ್ತಿರ ಬಸ್ಸು ತುಂಗಭದ್ರೆ ದಾಟುವಾಗ ಅದರಲ್ಲಿ ಒಂದೇ ದೀಪ ಉಳಿದಿತ್ತು. ಹುಡುಗನಿಗೆ ಹಾಲ್ ಟಿಕೆಟ್ ಸಿಕ್ಕಿತು. ಅಜ್ಜಿಗೆ ಮಗ ಸಿಕ್ಕ. ಟಿಕೆಟ್ ಮಷಿನ್ ಕೂಗು ನಿಲ್ಲಿಸಿತು. ಸಿಂಧನೂರಿನಲ್ಲಿ ಇಳಿದಾಗ ನನ್ನ ಫೋನ್ ಹನ್ನೊಂದು ಪರ್ಸೆಂಟ್ ತೋರಿಸುತ್ತಿತ್ತು.

ಎಕ್ಸ್‌ಟೆನ್ಷನ್ ಬಾಕ್ಸ್ ಬ್ಯಾಗಿಗೆ ಸೇರಿದ್ದಕ್ಕೆ ಬೇರೆಯೇ ಕಥೆ ಇದೆ. ರಾಯಚೂರಿನಲ್ಲಿ ಒಮ್ಮೆ ಸಿಕ್ಕ ಲಾಡ್ಜ್ ಕೋಣೆಯಲ್ಲಿ ಪ್ಲಗ್ ಇದ್ದದ್ದೇ ಒಂದು. ಅದರಲ್ಲಿ ಕೂಲರ್. ತಿಂಗಳು ಮೇ. ಕೂಲರ್ ಕಿತ್ತರೆ ಫೋನ್ ಬದುಕುತ್ತದೆ, ನಾನು ಸಾಯುತ್ತೇನೆ. ಕೂಲರ್ ಬಿಟ್ಟರೆ ನಾನು ಬದುಕುತ್ತೇನೆ, ಬೆಳಗ್ಗೆ ಆಫೀಸಿನವರು ಸಾಯಿಸುತ್ತಾರೆ. ಬಾತ್‌ರೂಮಿನಲ್ಲಿ ಗೀಸರಿನ ಪ್ಲಗ್ ಒಂದಿತ್ತು ನಿಜ. ಅದು 16 ಆಂಪಿಯರಿನ ದೊಡ್ಡ ತೂತಿನದು. ನನ್ನ ಚಾರ್ಜರಿನ 6 ಆಂಪಿಯರ್ ಪಿನ್ ಅದರೊಳಗೆ ನಿಲ್ಲುವುದೇ ಇಲ್ಲ. (ರಾಯಚೂರಿಗೆ ಗೀಸರ್ ಯಾಕೆ ಬೇಕೋ, ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಬರುವುದೇ ಬಿಸಿನೀರು.) ಹಾಸಿಗೆ ಮೇಲೆ ಕೂತು ಯೋಚಿಸಿದೆ. ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಿದ್ದಾರೆ. ಅಲ್ಲಿನ ಸಾಮರ್ಥ್ಯ 1,720 ಮೆಗಾವ್ಯಾಟ್. ನನಗೆ ಬೇಕಾಗಿದ್ದದ್ದು 65 ವ್ಯಾಟ್.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಎಕ್ಸ್‌ಟೆನ್ಷನ್ ಬಾಕ್ಸ್ ತಂದೆ. ನಾಲ್ಕು ತೂತು, ನಾಲ್ಕು ಸ್ವಿಚ್, ಉದ್ದ ವೈರ್. ರಾತ್ರಿ ಕೂಲರ್ ಹಾಕಿ, ಫೋನ್ ಹಾಕಿ, ಲ್ಯಾಪ್‌ಟಾಪ್ ಹಾಕಿ, ಮಹಾರಾಜನ ಹಾಗೆ ಕಾಲು ಚಾಚಿದೆ. ಬಾಗಿಲು ಬಡಿದರು. ಪಕ್ಕದ ಕೋಣೆಯ ಹುಡುಗರು, ಮದುವೆ ವಿಡಿಯೋ ತೆಗೆಯಲು ಬಂದವರು. ಎಂಟು ಕ್ಯಾಮೆರಾ ಬ್ಯಾಟರಿ, ಎರಡು ಲೈಟು, ಒಂದು ಡ್ರೋನ್, ಪ್ಲಗ್ ಒಂದು. ‘ಅಣ್ಣಾ, ರೂಮ್ ಬಾಯ್ ಹೇಳಿದ, ನಿಮ್ಮತ್ರ ಬಾಕ್ಸ್ ಐತಂತ...’ ಬೆಳಗ್ಗೆ ಮುಹೂರ್ತ ಇಟ್ಟುಕೊಂಡವರಿಗೆ ಇಲ್ಲ ಅನ್ನುವುದು ಹೇಗೆ? ಬಾಕ್ಸ್ ಹೋಯಿತು, ಕೂಲರ್ ಮತ್ತು ನಾನು ಉಳಿದೆವು. ಮಧ್ಯಾಹ್ನ ಬಾಕ್ಸ್ ವಾಪಸ್ ಕೊಡಲು ಬಂದವರು ಮದುವೆ ಊಟಕ್ಕೂ ಕರೆದುಕೊಂಡು ಹೋದರು. ಹೋಳಿಗೆ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಇನ್ನು ಬಿಸಿಲು. ಇದರ ಬಗ್ಗೆ ಬ್ಯಾಗ್ ವಿಡಿಯೋಗಳು ಒಂದು ಮಾತೂ ಆಡುವುದಿಲ್ಲ. ಫೋನನ್ನು 35 ಡಿಗ್ರಿವರೆಗಿನ ಬಿಸಿಯಲ್ಲಿ ಬಳಸಿ ಅಂತ ಕೆಲವು ಫೋನುಗಳ ಜೊತೆ ಬರುವ ಚೀಟಿಯಲ್ಲೇ ಬರೆದಿರುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬೆಳಗಿನ ಮಿರ್ಚಿ, ಒಗ್ಗರಣೆ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಆ 35 ಬಂದು ಬಾಗಿಲಲ್ಲಿ ನಿಂತಿರುತ್ತದೆ. ಮಧ್ಯಾಹ್ನ 42 ಆದರೆ ಯಾರೂ ಆಶ್ಚರ್ಯಪಡುವುದಿಲ್ಲ. ಲಿಥಿಯಂ ಬ್ಯಾಟರಿ ಬಿಸಿ ಜಾಸ್ತಿಯಾದರೆ ಫೋನ್ ತಾನೇ ಚಾರ್ಜ್ ಆಗುವುದನ್ನು ನಿಲ್ಲಿಸಿಬಿಡುತ್ತದೆ, ಬೆಂಕಿ ಹತ್ತಿಕೊಳ್ಳಬಾರದಲ್ವಾ. ಅಂದರೆ ಚಾರ್ಜರ್ ಇದೆ, ಕೇಬಲ್ ಇದೆ, ಕರೆಂಟ್ ಕೂಡ ಇದೆ. ಫೋನಿಗೇ ಬೇಡ. ‘ಫೋನ್ ತಣ್ಣಗಾಗಬೇಕು’ ಅಂತ ಬರೆದು ಮಲಗುತ್ತದೆ. ಗಂಗಾವತಿಯ ಮಿಲ್ಲೊಂದರ ವಾಚ್‌ಮನ್ ಕಾಕಾ ಇದನ್ನು ನೋಡಿ, ಫೋನನ್ನು ಕೈಯಿಂದ ಕಿತ್ತುಕೊಂಡು ನೀರಿನ ಮಡಕೆಯ ಮುಚ್ಚಳದ ಮೇಲಿಟ್ಟರು. ಐದೇ ನಿಮಿಷ, ಎದ್ದು ಕೂತಿತು! ಪಕ್ಕದ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಇಡಿ ಅಂತ ಗುಮಾಸ್ತರು ಹೇಳಿದ್ದರು. ಅಲ್ಲಿಂದ ತೆಗೆದರೆ ಒಳಗೆಲ್ಲ ಬೆವರು ಕಟ್ಟುತ್ತದೆ, ಫೋನಿಗೆ ಅದು ಬಿಸಿಲಿಗಿಂತ ಕೆಟ್ಟದ್ದು. ಕಾಕಾನ ಮಡಕೆಯೇ ಸರಿ. ಆದರೆ ಹೊತ್ತು ತಿರುಗಲು ಆಗುವುದಿಲ್ಲ.

ಧೂಳಿನ ಬಗ್ಗೆ ಒಂದೇ ಮಾತು. ತೌಡಿನ ಧೂಳು ಚಾರ್ಜಿಂಗ್ ತೂತಿನಲ್ಲಿ ಕೂತರೆ ಕೇಬಲ್ ಹಿಡಿಯುವುದಿಲ್ಲ. ಹೊಸ ಕೇಬಲ್ ಕೊಳ್ಳಬೇಡಿ. ಫೋನ್ ಆಫ್ ಮಾಡಿ, ಒಣ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ. ಪಿನ್ನು, ಸೂಜಿ ಬೇಡ. ನನ್ನ ಇಡೀ ಬ್ಯಾಗಿನಲ್ಲಿ ಯಾರೂ ಸಾಲ ಕೇಳದ ಸಾಮಾನು ಹಲ್ಲುಕಡ್ಡಿ ಒಂದೇ.

ಈಗ ಕಾರಟಗಿಗೆ ಬನ್ನಿ. ವಾರದ ಮೀಟಿಂಗ್ ಇತ್ತು, ಎಲ್ಲ ಜಿಲ್ಲೆಯವರೂ ವಿಡಿಯೋದಲ್ಲಿ ಸೇರಬೇಕು. ನಾನಿದ್ದ ಮಿಲ್ಲು ತಗಡಿನ ಶೆಡ್ಡು. ತಗಡಿನೊಳಗೆ ಸಿಗ್ನಲ್ ನುಗ್ಗುವುದಿಲ್ಲ. ಗುಮಾಸ್ತರ ಕೋಣೆಯ ಕಿಟಕಿ ಪಕ್ಕ ಎರಡು ಗೆರೆ ಸಿಕ್ಕಿತು. ಪಕ್ಕದಲ್ಲೇ ಹಲ್ಲರ್, ಪಾಲಿಷರ್, ಎಲಿವೇಟರ್ ಎಲ್ಲ ಓಡುತ್ತಿವೆ. ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದೆ. ಏನು ಶಾಂತಿ! ಎದುರಿಗೆ ಹಮಾಲರು ಬಾಯಿ ಆಡಿಸುವುದು ಕಾಣುತ್ತದೆ, ಸದ್ದಿಲ್ಲ. ಈ ಹೆಡ್‌ಫೋನು ಹೊರಗಿನ ಸದ್ದಿಗೆ ಸರಿಯಾಗಿ ಉಲ್ಟಾ ಸದ್ದನ್ನು ಹುಟ್ಟಿಸಿ ಎರಡನ್ನೂ ಕೊಲ್ಲುತ್ತದೆ. ಆದರೆ ಕೊಲ್ಲುವುದು ಹಾಕಿಕೊಂಡವನ ಕಿವಿಯಲ್ಲಿ ಮಾತ್ರ. ಮೈಕಿನದು ಬೇರೆ ಸಂಸಾರ. ಸಣ್ಣಪುಟ್ಟ ಗದ್ದಲವನ್ನು ಅದು ಸೋಸೀತು, ರೈಸ್ ಮಿಲ್ಲನ್ನಲ್ಲ.

ಕಿವಿಯಲ್ಲಿ ಅಷ್ಟು ಶಾಂತಿ ಇದ್ದಾಗ ಮನುಷ್ಯ ತಾನಾಗಿಯೇ ಮೆಲ್ಲಗೆ ಮಾತಾಡುತ್ತಾನೆ. ದೇವಸ್ಥಾನದಲ್ಲಿ ಕೂತವನಂತೆ ನಾನು ರಿಪೋರ್ಟ್ ಒಪ್ಪಿಸತೊಡಗಿದೆ. ಪರದೆಯ ಮೇಲಿನ ಮುಖಗಳೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದವು. ಒಬ್ಬರು ಕಿವಿ ಮುಚ್ಚಿಕೊಂಡರು.

‘ರೀ, ಯಾವ ರೈಲ್ವೆ ಸ್ಟೇಷನ್‌ನಲ್ಲಿದ್ದೀರಾ?’ ಮೇಡಂ ಕೇಳಿದರು.

‘ಕಾರಟಗಿ ಮಿಲ್ಲು ಮೇಡಂ.’

‘ಏನೂ ಕೇಳಿಸ್ತಿಲ್ಲ. ಒಂದೇ ಹೇಳಿ, ನಿಮ್ಮ ಕಡೆ ಪೆಂಡಿಂಗ್ ಕಂಪ್ಲೇಂಟ್ ಎಷ್ಟಿವೆ?’

‘ಮೂರು’ ಅಂದೆ, ನೆಮ್ಮದಿಯಾಗಿ.

ಅದೇ ಹೊತ್ತಿಗೆ ಹಮಾಲರ ಮೇಸ್ತ್ರಿ ಕಿಟಕಿಗೆ ಬಂದು ನನ್ನ ಮೈಕಿನ ಪಕ್ಕ ಬಾಯಿಟ್ಟು ಗುಮಾಸ್ತರಿಗೆ ಚೀಲದ ಲೆಕ್ಕ ಕೂಗಿದ. ನನಗೆ ಕೇಳಿಸಲಿಲ್ಲ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಕ್ಕೆಲ್ಲ ಸ್ಪಷ್ಟವಾಗಿ ಕೇಳಿಸಿತು.

‘ನೂರಾ ಎಪ್ಪತ್ತೆರಡ್ರೀ!’

ಮೇಡಂ ಬರೆದುಕೊಳ್ಳುತ್ತಿದ್ದ ಪೆನ್ನು ಮೇಲೆತ್ತಿದರು. ‘ನೂರಾ ಎಪ್ಪತ್ತೆರಡಾ? ತಮಾಷೆನಾ ಇದು? ಸದ್ದಿಲ್ಲದ ಕಡೆ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಸೇರಿ.’

ಸದ್ದಿಲ್ಲದ, ಸಿಗ್ನಲ್ ಇರುವ ಜಾಗ. ಎರಡು ಕಂಪನಿಯ ಸಿಮ್, ಮೂರನೆಯದರ ಡಾಂಗಲ್ ಇಟ್ಟುಕೊಂಡವನಿಗೆ ಇದು ಕಷ್ಟವಾಗಬಾರದು. ಆದರೆ ಅಲ್ಲಿ ಇದ್ದ ಟವರ್ ಒಂದೇ. ಮೂರೂ ಕಂಪನಿಯ ಡಬ್ಬಿಗಳು ಅದೇ ಕಂಬಕ್ಕೆ ನೇತು ಬಿದ್ದಿವೆ. ಕಂಪನಿಗಳು ಖರ್ಚು ಉಳಿಸಲು ಟವರ್ ಹಂಚಿಕೊಳ್ಳುವುದು ಎಲ್ಲ ಕಡೆ ಇದೆ. ನಾನು ಮಾತ್ರ ಮೂರು ರೀಚಾರ್ಜ್ ಮಾಡಿಸುತ್ತೇನೆ. ಗುಮಾಸ್ತರು ಒಬ್ಬ ಹುಡುಗನನ್ನು ಕರೆದು, ‘ಸರನ್ನ ನಾಲಿ ಮ್ಯಾಗ ಬಿಟ್ಟು ಬಾ, ಹುಡುಗ್ರು ಕುಂದರ್ತಾವಲ್ಲ, ಅಲ್ಲಿ’ ಅಂದರು. ಬೈಕಿನಲ್ಲಿ ಹೋದೆವು.

ಅದು ತುಂಗಭದ್ರಾ ಎಡದಂಡೆ ನಾಲೆ. 1953ರಲ್ಲಿ ಅಣೆಕಟ್ಟು ಆದ ಮೇಲೆ ಈ ಬಿಸಿಲ ನೆಲಕ್ಕೆ ಭತ್ತ ತಂದ ನೀರು. ಅದರ ಸೇತುವೆ ಕಟ್ಟೆ ಎತ್ತರದಲ್ಲಿದೆ, ಟವರ್ ನೇರ ಕಾಣುತ್ತದೆ, ಸಿಗ್ನಲ್ ತುಂಬಿ ಹರಿಯುತ್ತದೆ. ಊರಿನ ಹುಡುಗರು ಸಾಲಾಗಿ ಕೂತು ಫೋನ್ ನೋಡುತ್ತಿದ್ದರು. ಲ್ಯಾಪ್‌ಟಾಪ್ ಕಂಡದ್ದೇ ಜರುಗಿ ಜಾಗ ಕೊಟ್ಟರು. ನಾನು ಹಾಟ್‌ಸ್ಪಾಟ್ ಆನ್ ಮಾಡಿದೆ.

‘ಅಣ್ಣಾ, ಪಾಸ್‌ವರ್ಡ್ ಏನ್ರಿ? ನಮ್ಮ ಡೇಟಾ ಖಾಲಿ ಆಗೈತಿ.’

‘ಮೀಟಿಂಗ್ ಐತಪ್ಪಾ, ಆಮೇಲೆ ಕೊಡ್ತೀನಿ.’

‘ಆಯ್ತು ಬಿಡ್ರಿ. ಪವರ್ ಬ್ಯಾಂಕ್ ಐತೇನ್ರಿ?’

ಪವರ್ ಬ್ಯಾಂಕ್ ಕೊಟ್ಟು ಸುಮ್ಮನಾಗಿಸಿದೆ. ಮೀಟಿಂಗಿಗೆ ಸೇರಿದೆ. ಈ ಸಲ ಎಲ್ಲ ಸರಿ ಇತ್ತು, ಮುಖ ನಿಂತಿತು, ಮಾತು ಕೇಳಿಸಿತು. ಪೆಂಡಿಂಗ್ ಮೂರೇ, ಉಳಿದದ್ದು ಅಕ್ಕಿ ಚೀಲ ಅಂತ ಬಿಡಿಸಿ ಹೇಳಿದೆ. ಮೇಡಂ ಕೇಳುತ್ತಿದ್ದಂತೆ ಕಾಣಲಿಲ್ಲ. ಪರದೆಯ ಹತ್ತಿರ ಬಗ್ಗಿ ನನ್ನ ಭುಜದ ಹಿಂದೆ ಏನನ್ನೋ ನೋಡುತ್ತಿದ್ದರು. ಹಿಂದೆ ಹಸಿರು ಗದ್ದೆ, ನಾಲೆಯ ನೀರು, ನೀರಿಗಿಳಿದ ಎಮ್ಮೆಗಳು.

‘ಅದಿರಲಿ ಬಿಡಿ’ ಅಂದರು. ‘ಈ ಬ್ಯಾಕ್‌ಗ್ರೌಂಡ್ ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ? ಎಮ್ಮೆ ಬಾಲ ಅಲ್ಲಾಡ್ಸೋದೂ ಬರ್ತಿದೆ! ನಂಗೂ ಲಿಂಕ್ ಕಳ್ಸಿ.’